ಕಾಂತಕ್ಕೆ ತಿರುಗುವ ಚಿನ್ನದ ಕಣಗಳು

ಜೀವಕೋಶದೊಳಗೆ 50ರಿಂದ 100 ನ್ಯಾನೊಮೀಟರ್ ಗಾತ್ರದ ಚಿನ್ನದ ಕಣವೊಂದನ್ನು ಬೆಳಗಿಸಿ ನೋಡುವುದು ಇಂದು ದೊಡ್ಡ ಸಾಹಸವೇನಲ್ಲ. ಸಾಧಾರಣ ಸೂಕ್ಷ್ಮದರ್ಶಕಕ್ಕೆ, ಬೆಳಕನ್ನು ಓರೆಯಾಗಿ ಹಾಯಿಸುವ ಡಾರ್ಕ್‌ಫೀಲ್ಡ್ ಕಂಡೆನ್ಸರ್ ಒಂದನ್ನು ಜೋಡಿಸಿ ಪ್ರಖರವಾದ ದೀಪ ಹಾಕಿದರೆ, ಕಪ್ಪು ಹಿನ್ನೆಲೆಯ ಮೇಲೆ ಹಸಿರು ಚುಕ್ಕಿಯಾಗಿ ಅದು ಕಾಣುತ್ತದೆ. ತೊಡಕು ಶುರುವಾಗುವುದು ಆಮೇಲೆ. ಅದೇ ಚೌಕಟ್ಟಿನಲ್ಲಿ ಕೋಶದ ಸ್ವಂತ ಕೊಬ್ಬಿನ ಹನಿಗಳು ಹೊಳೆಯುತ್ತಿರುತ್ತವೆ, ಮೈಟೊಕಾಂಡ್ರಿಯಗಳು ಮಂಜಿನಂತೆ ಬೆಳಗುತ್ತಿರುತ್ತವೆ, ಕೋಶಪೊರೆಯ ಅಂಚು ಬೆಳ್ಳಗೆ ಉರಿಯುತ್ತಿರುತ್ತದೆ, ಗಾಜಿನ ಮೇಲೆ ಕೂತ ಧೂಳಂತೂ ಎಲ್ಲಕ್ಕಿಂತ ಚೆನ್ನಾಗಿ ಮಿನುಗುತ್ತದೆ. ಇವುಗಳ ನಡುವೆ ನಾವು ಹಾಕಿದ ಕಣ ಯಾವುದು ಎಂದು ಬೆರಳಿಟ್ಟು ತೋರಿಸಬೇಕಾದಾಗ ಅನುಭವಿಗಳೂ ತಡವರಿಸುತ್ತಾರೆ.

ಈ ಬರಹದ ವಿಷಯ ಆ ಗೊಂದಲಕ್ಕೆ ಸಿಕ್ಕಿರುವ ಒಂದು ಚೆಂದದ ಪರಿಹಾರ: ಚಿನ್ನದ ಕಣದ ಹೊಟ್ಟೆಯೊಳಗೆ ಕಾಂತೀಯ ಕಬ್ಬಿಣದ ಆಕ್ಸೈಡ್ ಇಟ್ಟು, ಹೊರಗಿನಿಂದ ಆಯಸ್ಕಾಂತವನ್ನು ನಿಗದಿತ ಲಯದಲ್ಲಿ ಆಡಿಸಿ, ಆ ಲಯಕ್ಕೆ ಸ್ಪಂದಿಸುವ ಬೆಳಕನ್ನು ಮಾತ್ರ ಎಣಿಸುವುದು. ಭೌತವಿಜ್ಞಾನ ಓದಿಕೊಂಡು ಜೀವವಿಜ್ಞಾನದ ಬಾಗಿಲಲ್ಲಿ ನಿಂತು ಇಣುಕುವ ನನ್ನಂಥವನಿಗೆ ಇದು ಬಹಳ ಇಷ್ಟವಾದ ಕ್ಷೇತ್ರ. ಇಲ್ಲಿ ಕಣದ ಹೊಳಪನ್ನು ಹೆಚ್ಚಿಸುವ ಪ್ರಯತ್ನ ಎರಡನೆಯ ಸ್ಥಾನಕ್ಕೆ ಸರಿದು, ಸುತ್ತಲಿನದರಿಂದ ಅದನ್ನು ಬೇರೆ ಮಾಡುವ ಜಾಣತನ ಮೊದಲ ಸ್ಥಾನಕ್ಕೆ ಬರುತ್ತದೆ.

ಮೊದಲು, ಚಿನ್ನವೇ ಏಕೆ ಎಂಬುದು. ಕೋಶಗಳಿಗೆ ಗುರುತು ಹಾಕಲು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ಪ್ರತಿದೀಪ್ತ ಬಣ್ಣಗಳನ್ನು, ಅಂದರೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದಲ್ಲಿ ಹೊಳೆಯುವಂಥವನ್ನು. ಅವು ಬಲವಾದ ಬೆಳಕಿನಡಿ ಬೇಗನೆ ಮಂಕಾಗುತ್ತವೆ. ಫ್ಲೋರೆಸೀನ್‌ನಂಥ ಬಣ್ಣ ನೋಡುನೋಡುತ್ತಲೇ ಆರಿಹೋಗುತ್ತದೆ. ಚಿನ್ನದ ಕಣ ಹೊಳೆಯುವುದು ತನ್ನ ಮೇಲೆ ಬಿದ್ದ ಬೆಳಕನ್ನೇ ಚದುರಿಸಿ; ಆದ್ದರಿಂದ ಅದರಲ್ಲಿ ಆರಿಹೋಗುವಂಥದ್ದು ಏನೂ ಇಲ್ಲ. ಲೋಹದೊಳಗಿನ ಮುಕ್ತ ಎಲೆಕ್ಟ್ರಾನುಗಳು ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಒಟ್ಟಾಗಿ ಓಲಾಡುತ್ತವೆ; ಈ ಸಾಮೂಹಿಕ ಓಲಾಟಕ್ಕೆ ಪ್ಲಾಸ್ಮಾನ್ ಎನ್ನುತ್ತಾರೆ. ಸುಮಾರು 20 ನ್ಯಾನೊಮೀಟರ್ ವ್ಯಾಸದ ಗುಂಡು ಕಣಗಳಿಗೆ ನೀರಿನಲ್ಲಿ ಇದರ ಅನುರಣನ, ಅಂದರೆ ಓಲಾಟ ಅತಿ ಜೋರಾಗುವ ಬಿಂದು, 520 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲಿದೆ, ಹಾಗಾಗಿಯೇ ಆ ದ್ರಾವಣ ಹಸಿರನ್ನು ನುಂಗಿ ಮಾಣಿಕ್ಯದ ಕೆಂಪಾಗಿ ಕಾಣುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪಿಗೆ ಸೂಕ್ಷ್ಮವಾಗಿ ಒಡೆದ ಚಿನ್ನವೇ ಕಾರಣವೆಂದು ಹೇಳಿದ್ದ. ಗುಸ್ತಾವ್ ಮೀ 1908ರಲ್ಲಿ ಅದರ ಪೂರ್ತಿ ಗಣಿತವನ್ನು ಬರೆದುಕೊಟ್ಟ. ಕಣವನ್ನು ಕೋಲಿನಂತೆ ಉದ್ದ ಮಾಡಿದರೆ, ಅಥವಾ ಅದಕ್ಕೆ ಚೂಪಾದ ತೋಳುಗಳನ್ನು ಮೂಡಿಸಿದರೆ, ಅನುರಣನ ಕೆಂಪಿನತ್ತ, ಅಲ್ಲಿಂದ ಅವಕೆಂಪಿನತ್ತ ಸರಿಯುತ್ತದೆ.

ಇಲ್ಲಿ ಗಾತ್ರದ ಲೆಕ್ಕ ನಿರ್ದಯವಾದದ್ದು. ಸಣ್ಣ ಕಣವೊಂದು ಚದುರಿಸುವ ಬೆಳಕು ಅದರ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿದೆ, ಹೀರುವ ಬೆಳಕು ಮೂರನೇ ಘಾತಕ್ಕೆ. ವ್ಯಾಸವನ್ನು 80ರಿಂದ 20 ನ್ಯಾನೊಮೀಟರಿಗೆ ಇಳಿಸಿದರೆ ಹೀರಿಕೆ 64 ಪಟ್ಟು ತಗ್ಗುತ್ತದೆ, ಚದುರಿಕೆ ಸುಮಾರು 4,000 ಪಟ್ಟು ತಗ್ಗುತ್ತದೆ. ಕೋಶಕ್ಕೆ ತೊಂದರೆ ಕೊಡದಂತೆ ಕಣ ಚಿಕ್ಕದಾಗಿರಲಿ ಎಂಬ ಜೀವವಿಜ್ಞಾನಿಯ ಬೇಡಿಕೆಗೂ, ಕಾಣುವಷ್ಟಾದರೂ ದೊಡ್ಡದಿರಲಿ ಎಂಬ ಸೂಕ್ಷ್ಮದರ್ಶಕದವನ ಬೇಡಿಕೆಗೂ ನಡುವಿನ ಜಗಳ ಇರುವುದು ಈ ಆರನೇ ಘಾತದಲ್ಲಿ. ಹಿನ್ನೆಲೆಯನ್ನು ಅಳಿಸುವ ಉಪಾಯ ಸಿಕ್ಕರೆ ಕಡಿಮೆ ಹೊಳಪಿನ ಕಣದಿಂದಲೂ ಕೆಲಸವಾಗುತ್ತದೆ ಎಂಬುದು ಕಾಂತೀಯ ಕಣಗಳ ಹಿಂದಿನ ಆಸೆ.

ಈ ಆಸೆಯನ್ನು ಕೋಶಗಳ ಮೇಲೆ ಪ್ರಯೋಗಿಸಿ ತೋರಿಸಿದವರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ಕಾನ್‌ಸ್ಟಾಂಟಿನ್ ಸೊಕೊಲೊವ್ ತಂಡ ಮುಖ್ಯವಾದದ್ದು. ಅನೇಕ ಬಗೆಯ ಕ್ಯಾನ್ಸರ್ ಕೋಶಗಳ ಮೈಮೇಲೆ ಇಜಿಎಫ್‌ಆರ್ ಎಂಬ ಬೆಳವಣಿಗೆಯ ಗ್ರಾಹಕ ಪ್ರೋಟೀನು ಮಾಮೂಲಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿರುತ್ತದೆ. ಅದಕ್ಕೆ ಅಂಟುವ ಪ್ರತಿಕಾಯವನ್ನು ಬರೀ ಚಿನ್ನದ ಕಣಗಳಿಗೆ ಕಟ್ಟಿ ಕ್ಯಾನ್ಸರ್‌ಪೂರ್ವ ಅಂಗಾಂಶವನ್ನು ಬೆಳಗಿಸಬಹುದೆಂದು ಸೊಕೊಲೊವ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ್ದರು. 2006ರಲ್ಲಿ ಅವರು ಅದೇ ಪ್ರತಿಕಾಯವನ್ನು ಚಿನ್ನ ಹಾಗೂ ಕಬ್ಬಿಣದ ಆಕ್ಸೈಡ್ ಎರಡೂ ಇರುವ ಮಿಶ್ರ ಕಣಗಳಿಗೆ ಕಟ್ಟಿ, ಕೋಶಗಳ ಪಕ್ಕದಲ್ಲಿ ತಂತಿಯ ಸುರುಳಿಯೊಂದನ್ನಿಟ್ಟು ಅದರೊಳಗೆ ಏರಿಳಿಯುವ ವಿದ್ಯುತ್ತನ್ನು ಹರಿಸಿದರು. ಗುರುತು ಹತ್ತಿದ ಕೋಶಗಳು ಸುರುಳಿಯ ಸೆಳೆತಕ್ಕೆ ಅತಿ ಸಣ್ಣ ಪ್ರಮಾಣದಲ್ಲಿ ಹಿಂದೆ ಮುಂದೆ ಆಡುತ್ತವೆ, ಗುರುತಿಲ್ಲದವು ಸುಮ್ಮನಿರುತ್ತವೆ. ಆ ಆಟವನ್ನು ಚಲನಚಿತ್ರದಂತೆ ಸೆರೆಹಿಡಿದು, ಪ್ರತಿಯೊಂದು ಪಿಕ್ಸೆಲ್ಲಿನ ಬೆಳಕಿನ ಏರಿಳಿತವನ್ನು, ಅದರಲ್ಲಿ ಯಾವ ಲಯ ಎಷ್ಟಿದೆಯೆಂದು ಬಿಡಿಸಿ ಹೇಳುವ ಫೂರಿಯೆ ವಿಶ್ಲೇಷಣೆಗೆ ಒಳಪಡಿಸಿದರೆ, ಕಾಂತಕ್ಕೆ ಸ್ಪಂದಿಸಿದ ಭಾಗಗಳಷ್ಟೇ ಚಿತ್ರದಲ್ಲಿ ಉಳಿಯುತ್ತವೆ.

ಇದರಲ್ಲಿ ನನಗೆ ಅತ್ಯಂತ ಹಿಡಿಸಿದ ವಿವರ ಒಂದಿದೆ. ಇಂಥ ಕಣಕ್ಕೆ ಸ್ವಂತದ ಸ್ಥಿರ ಉತ್ತರ–ದಕ್ಷಿಣ ಧ್ರುವಗಳಿಲ್ಲ. ಹೊರಗಿನ ಕ್ಷೇತ್ರವೇ ಅದನ್ನು ಕಾಂತವಾಗಿಸುತ್ತದೆ, ಮತ್ತೆ ಅದೇ ಕ್ಷೇತ್ರವೇ ಅದನ್ನು ಎಳೆಯುತ್ತದೆ. ಆದ್ದರಿಂದ ಎಳೆತದ ಬಲವು ಕ್ಷೇತ್ರದ ವರ್ಗವನ್ನು ಅವಲಂಬಿಸುತ್ತದೆ, ವಿದ್ಯುತ್ ಯಾವ ದಿಕ್ಕಿಗೆ ಹರಿದರೂ ಕಣ ಸುರುಳಿಯ ಕಡೆಗೇ ಬರುತ್ತದೆ. ಸುರುಳಿಗೆ ಸೆಕೆಂಡಿಗೆ ಎರಡು ಆವೃತ್ತಿಯ ವಿದ್ಯುತ್ ಕೊಟ್ಟರೆ ಕಣ ಸೆಕೆಂಡಿಗೆ ನಾಲ್ಕು ಸಲ ಆಡುತ್ತದೆ. ಸುರುಳಿಯ ವಿದ್ಯುತ್ತು ನೇರವಾಗಿ ಕ್ಯಾಮೆರಾದ ತಂತಿಗಳಿಗೆ ನುಸುಳಿ ಉಂಟುಮಾಡುವ ಗದ್ದಲವಾದರೂ ಎರಡರಲ್ಲೇ ಇರುತ್ತದೆ. ನಾವು ಹುಡುಕುವ ಸಂಕೇತ ಮತ್ತು ನಮ್ಮದೇ ಉಪಕರಣ ಹುಟ್ಟಿಸುವ ಸುಳ್ಳು ಸಂಕೇತ ಹೀಗೆ ತಾವಾಗಿಯೇ ಬೇರೆ ಬೇರೆ ಕಡೆ ಕೂರುವುದು ಪ್ರಯೋಗಶಾಸ್ತ್ರದಲ್ಲಿ ಅಪರೂಪದ ಅದೃಷ್ಟ.

ಜಾತ್ರೆಯ ಗದ್ದಲದಲ್ಲಿ ದೂರದ ಡೊಳ್ಳನ್ನು ಕಿವಿ ಹಿಡಿಯುವುದು ಅದರ ಸದ್ದು ದೊಡ್ಡದೆಂದಲ್ಲ, ಅದರ ಪೆಟ್ಟು ಯಾವ ಗತಿಯಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುವುದರಿಂದ. ಫೂರಿಯೆ ವಿಶ್ಲೇಷಣೆ ಮಾಡುವುದೂ ಅದನ್ನೇ. ಹೆಚ್ಚು ಹೊತ್ತು ಕೇಳಿಸಿಕೊಂಡಷ್ಟೂ ಗತಿಯ ಅಂದಾಜು ನಿಖರವಾಗುತ್ತದೆ: 20 ಸೆಕೆಂಡುಗಳ ಚಿತ್ರೀಕರಣದಿಂದ ಆವೃತ್ತಿಗಳನ್ನು 0.05 ಹರ್ಟ್ಜ್‌ನಷ್ಟು (ಹರ್ಟ್ಜ್ ಎಂದರೆ ಸೆಕೆಂಡಿಗೆ ಒಂದು ಆವೃತ್ತಿ) ಸಣ್ಣ ಅಂತರದಲ್ಲಿ ಬೇರ್ಪಡಿಸಬಹುದು, ಅಂದರೆ ಆ ಕಿರಿದಾದ ಕಿಂಡಿಯೊಳಗೆ ಬೀಳುವಷ್ಟು ಗದ್ದಲ ಮಾತ್ರ ನಮ್ಮನ್ನು ಕಾಡಬಲ್ಲದು. ಕೋಶದೊಳಗಿನ ಸಹಜ ಚಲನೆಗಳು, ಅಂದರೆ ಕೋಶಕಗಳ ಸಾಗಾಟ, ಪೊರೆಯ ಅಲುಗಾಟ, ಬ್ರೌನಿಯನ್ ತೊಯ್ದಾಟ ಇವೆಲ್ಲ ಅನೇಕ ಆವೃತ್ತಿಗಳ ಮೇಲೆ ಹರಡಿಕೊಂಡಿರುತ್ತವೆ. ಅವುಗಳ ಶಕ್ತಿಯ ಬಹುಪಾಲು ಒಂದು ಹರ್ಟ್ಜ್‌ಗಿಂತ ಕೆಳಗೆ ಇರುತ್ತದೆ. ಅದಕ್ಕಿಂತ ಮೇಲಿನ ಯಾವುದಾದರೂ ಆವೃತ್ತಿಯನ್ನು ಆರಿಸಿಕೊಂಡರೆ ಸಾಕಷ್ಟು ಶಾಂತ ಪ್ರದೇಶ ಸಿಗುತ್ತದೆ.

ಪರ್ಡ್ಯೂ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ವೇ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅವರು ಕಣವನ್ನು ಎಳೆಯಲಿಲ್ಲ, ಇದ್ದಲ್ಲೇ ತಿರುಗಿಸಿದರು. ಅದಕ್ಕೆ ಗೈರೊಮ್ಯಾಗ್ನೆಟಿಕ್ ಇಮೇಜಿಂಗ್ ಎಂದು ಹೆಸರಿಟ್ಟರು. ಕಣ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 100 ನ್ಯಾನೊಮೀಟರ್ ಇರುವ ಚಿನ್ನದ ನಕ್ಷತ್ರ, ಒಳಗೆ ಕಬ್ಬಿಣದ ಆಕ್ಸೈಡಿನ ತಿರುಳು. ನಕ್ಷತ್ರದ ಆಕಾರ ಅಲಂಕಾರಕ್ಕೆ ಬಂದದ್ದಲ್ಲ. ಗುಂಡಗಿನ ಚಿನ್ನದ ಕಣವನ್ನು ಎಷ್ಟು ತಿರುಗಿಸಿದರೂ ಅದು ಎಲ್ಲ ಕಡೆಯಿಂದಲೂ ಒಂದೇ ತೆರನಾಗಿ ಕಾಣುವುದರಿಂದ ತಿರುಗಿದ್ದು ಗೊತ್ತಾಗುವುದೇ ಇಲ್ಲ. ನಕ್ಷತ್ರದ ಉದ್ದನೆಯ ತೋಳಾದರೋ ತನ್ನ ಉದ್ದಕ್ಕೆ ಸಮಾಂತರವಾಗಿ ಧ್ರುವೀಕೃತವಾದ, ಅಂದರೆ ಆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕನ್ನು ಬಲವಾಗಿ ಚದುರಿಸುತ್ತದೆ, ಅಡ್ಡಲಾಗಿ ಬಂದದ್ದನ್ನು ಬಹುತೇಕ ಬಿಟ್ಟುಬಿಡುತ್ತದೆ. ಧ್ರುವೀಕೃತ ಬೆಳಕಿನಡಿ ಅದು ತಿರುಗಿದಾಗ ಒಮ್ಮೆ ಹೊತ್ತಿ, ಒಮ್ಮೆ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ತೋಳಿನ ತಲೆ ಯಾವುದು ಬುಡ ಯಾವುದು ಎಂಬ ಭೇದ ಬೆಳಕಿಗೆ ಇಲ್ಲದ ಕಾರಣ ಪೂರ್ತಿ ಒಂದು ಸುತ್ತಿಗೆ ಎರಡು ಮಿನುಗು. ಇಲ್ಲಿಯೂ ಆವೃತ್ತಿ ಇಮ್ಮಡಿಯಾಗುವುದನ್ನು ಗಮನಿಸಬೇಕು.

ತಿರುಗಿಸುವುದರಲ್ಲಿ ಇನ್ನೊಂದು ಅನುಕೂಲವಿದೆ. ಕಣವನ್ನು ಎಳೆಯಬೇಕಾದರೆ ಕ್ಷೇತ್ರವು ಜಾಗದಿಂದ ಜಾಗಕ್ಕೆ ಬದಲಾಗುತ್ತಿರಬೇಕು, ಅದಕ್ಕಾಗಿ ಚೂಪಾದ ಕಾಂತವನ್ನು ಕೋಶದ ತೀರ ಹತ್ತಿರಕ್ಕೆ ತರಬೇಕು. ತಿರುಗಿಸಲು ಏಕರೂಪದ ಕ್ಷೇತ್ರವೇ ಸಾಕು, ಸ್ಲೈಡಿನ ಕೆಳಗೆ ಸಾಧಾರಣ ಕಾಂತವೊಂದನ್ನು ಮೋಟಾರಿಗೆ ಕಟ್ಟಿ ಸುತ್ತಿಸಿದರೂ ಆದೀತು. ಕೋಶವೂ ಎಲ್ಲಿಗೂ ಎಳೆಯಲ್ಪಡುವುದಿಲ್ಲ.

ತಿರುಳಿನ ಬಗ್ಗೆ ಒಂದು ಮಾತು ಸೇರಿಸಬೇಕು. ಕಬ್ಬಿಣದ ಆಕ್ಸೈಡಿನ ಒಂದು ಬಗೆಯಾದ ಮ್ಯಾಗ್ನೆಟೈಟ್ ಹರಳನ್ನು 10 ನ್ಯಾನೊಮೀಟರಿನಷ್ಟು ಚಿಕ್ಕದು ಮಾಡಿದರೆ ಅದರ ಕಾಂತೀಯ ದಿಕ್ಕು ಕೋಣೆಯ ಉಷ್ಣತೆಗೇ ಕ್ಷಣಕ್ಷಣಕ್ಕೂ ತಲೆಕೆಳಗಾಗುತ್ತಿರುತ್ತದೆ. ಹೊರಗಿನ ಕ್ಷೇತ್ರ ಇದ್ದಾಗ ಮಾತ್ರ ಒಂದು ಕಡೆಗೆ ನಿಲ್ಲುತ್ತದೆ. ಲೂಯಿ ನೀಲ್ 1949ರಲ್ಲಿ ವಿವರಿಸಿದ ಈ ಗುಣಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂದು ಹೆಸರು. ಇದರ ಲಾಭವೆಂದರೆ ಕಾಂತ ತೆಗೆದ ಕೂಡಲೇ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಡ್ಡೆಗಟ್ಟುವುದು ತಪ್ಪುತ್ತದೆ. ನಷ್ಟವೂ ಇದೆ: ತಿರುಳು ಎಲ್ಲ ದಿಕ್ಕಿಗೂ ಒಂದೇ ತೆರನಾದ ಗುಂಡಾಗಿದ್ದರೆ ಈ ನಿಧಾನಗತಿಯಲ್ಲಿ ಸುತ್ತುವ ಕ್ಷೇತ್ರಕ್ಕೆ ಅದು ತನ್ನ ಕಾಂತೀಯ ದಿಕ್ಕನ್ನಷ್ಟೇ ತಿರುಗಿಸಿಕೊಂಡು ದೇಹವನ್ನು ಇದ್ದಲ್ಲೇ ಬಿಟ್ಟುಬಿಡುತ್ತದೆ. ಕಣ ದೇಹಸಮೇತ ತಿರುಗಬೇಕಾದರೆ ತಿರುಳಿನ ಆಕಾರದಲ್ಲೋ ಹರಳಿನಲ್ಲೋ ಒಂದು ಒಲವಿನ ಅಕ್ಷ ಇರಲೇಬೇಕು. ಒಂದೇ ಸೀಸೆಯ ಕಣಗಳಲ್ಲಿ ಕೆಲವು ಚೆನ್ನಾಗಿ ಮಿನುಗಿ ಕೆಲವು ಮಂಕಾಗಿ ನಿಲ್ಲುವುದಕ್ಕೆ ಇದು ಒಂದು ಕಾರಣ.

ಈಗ ಕ್ಯಾಮೆರಾದ ವಿಷಯ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಿಂದ 15 ಹರ್ಟ್ಜ್‌ಗಿಂತ ವೇಗದ ಏರಿಳಿತವನ್ನು ಸರಿಯಾಗಿ ಅಳೆಯಲಾಗದು. ಅದಕ್ಕಿಂತ ವೇಗದ್ದು ಸುಳ್ಳು ಆವೃತ್ತಿಯ ವೇಷ ತೊಟ್ಟು ಬರುತ್ತದೆ. ಇದು ಪಠ್ಯಪುಸ್ತಕದಲ್ಲಿರುವ ಮಾತೇ ಆದರೂ ನಮ್ಮ ದೇಶದಲ್ಲಿ ಇದಕ್ಕೊಂದು ವಿಶೇಷ ಕಾಟವಿದೆ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದ್ದು, ಹಾಗಾಗಿ ಮನೆಯ ಲೈನಿನಿಂದ ನೇರವಾಗಿ ಉರಿಯುವ ದೀಪದ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. 30 ಚಿತ್ರಗಳ ಕ್ಯಾಮೆರಾಕ್ಕೆ ಈ ನೂರು ಕಾಣುವುದು, 30ರ ಮೂರು ಪಟ್ಟನ್ನು ಕಳೆದು ಉಳಿಯುವ, ಸರಿಯಾಗಿ 10 ಹರ್ಟ್ಜ್ ಆಗಿ. ಅಮೆರಿಕದ 60 ಹರ್ಟ್ಜ್ ವಿದ್ಯುತ್ತಿನಡಿ ದೀಪ 120 ಬಾರಿ ಏರಿಳಿದು, ಅದು 30ರ ಪೂರ್ಣ ಗುಣಕವಾದ್ದರಿಂದ ಅದೇ ಕ್ಯಾಮೆರಾದಲ್ಲಿ ಹೆಚ್ಚುಕಡಿಮೆ ಕಾಣದೇ ಹೋಗುತ್ತದೆ. ಅಲ್ಲಿನ ಪ್ರಬಂಧವನ್ನು ಓದಿ ಇಲ್ಲಿ ಹಾಗೆಯೇ ಮಾಡಹೊರಟವರು ಕಾಂತವನ್ನು ಸೆಕೆಂಡಿಗೆ ಐದು ಸುತ್ತಿಗೆ ಇಟ್ಟು, ಹತ್ತು ಹರ್ಟ್ಜ್‌ನಲ್ಲಿ ಬಂದ ಶಿಖರವನ್ನು ನೋಡಿ ಸಂಭ್ರಮಿಸುವ ಮೊದಲು, ಕಾಂತವನ್ನು ನಿಲ್ಲಿಸಿಯೂ ಒಮ್ಮೆ ಅಳೆದು ನೋಡುವುದು ಲೇಸು. ಸ್ಥಿರ ಡಿಸಿ ವಿದ್ಯುತ್ತಿನಿಂದ ಉರಿಯುವ ದೀಪ ಬಳಸಿದರೆ ಈ ಕಾಟ ಬುಡದಲ್ಲೇ ತಪ್ಪುತ್ತದೆ.

ಕಣಗಳನ್ನು ತಯಾರಿಸುವುದು ಓದಲು ಸುಲಭ, ಮಾಡಲು ಕಷ್ಟ. ಬರೀ ಚಿನ್ನದ ಕಣಗಳಿಗೆ ಟರ್ಕೆವಿಚ್ 1951ರಲ್ಲಿ ವಿವರವಾಗಿ ಅಧ್ಯಯನ ಮಾಡಿದ ಸಿಟ್ರೇಟ್ ವಿಧಾನವಿದೆ: ಕುದಿಯುವ ನೀರಿನಲ್ಲಿರುವ ತೆಳು ಹಳದಿಯ ಚಿನ್ನದ ಲವಣಕ್ಕೆ ಸಿಟ್ರೇಟ್ ಸುರಿದರೆ ಮೊದಲು ಬಣ್ಣ ಮಾಯವಾಗುತ್ತದೆ, ಆಮೇಲೆ ಕಪ್ಪು ಮಿಶ್ರಿತ ನೇರಳೆ ತಿರುಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೆಂಪು ನಿಲ್ಲುತ್ತದೆ. ಕಬ್ಬಿಣದ ಆಕ್ಸೈಡಿನ ಮೇಲೆ ಚಿನ್ನವನ್ನು ಹೊದಿಸಲು ಹೋದಾಗ ಈ ಸರಾಗತೆ ಇರುವುದಿಲ್ಲ. ಲೋಹದ ಚಿನ್ನಕ್ಕೂ ಆಕ್ಸೈಡಿನ ಮೇಲ್ಮೈಗೂ ಸಹಜವಾದ ಒಲವಿಲ್ಲ; ಚಿನ್ನ ಹೊದಿಕೆಯಾಗಿ ಹರಡುವುದರ ಬದಲು ಅಲ್ಲಲ್ಲಿ ಗುಬುಟು ಕಟ್ಟುತ್ತದೆ, ಇಲ್ಲವೇ ಪಕ್ಕದಲ್ಲಿ ತನ್ನಷ್ಟಕ್ಕೆ ತಾನೇ ಬೇರೆ ಕಣವಾಗಿ ಬೆಳೆಯುತ್ತದೆ. ಅದಕ್ಕಾಗಿ ಆಕ್ಸೈಡಿನ ಮೈಗೆ ಮೊದಲು ಪಾಲಿಮರನ್ನೋ ಸಿಲಿಕಾವನ್ನೋ ಹೊದಿಸಿ, ಅದರ ಮೇಲೆ ಪುಟ್ಟ ಚಿನ್ನದ ಬೀಜಗಳನ್ನು ಅಂಟಿಸಿ, ಆ ಬೀಜಗಳನ್ನು ಬೆಳೆಸಿ ಕೂಡಿಸುವ ಸುತ್ತುದಾರಿಯನ್ನು ಹಲವರು ಹಿಡಿದಿದ್ದಾರೆ.

ಸೀಸೆಯಲ್ಲಿ ನಿಜವಾಗಿ ಏನಿದೆ ಎಂದು ತಿಳಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸರದಿಗೆ ಕಾಯುವ ಮೊದಲೇ ಒಂದು ಅಗ್ಗದ ಪರೀಕ್ಷೆ ಮಾಡಬಹುದು. ಬಲವಾದ ನಿಯೋಡಿಮಿಯಂ ಕಾಂತವೊಂದನ್ನು ಸೀಸೆಯ ಪಕ್ಕಕ್ಕೆ ಒತ್ತಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಕಾಂತದ ಬದಿಯ ಗಾಜಿಗೆ ಗಾಢ ಬಣ್ಣದ ಪಟ್ಟೆ ಕಟ್ಟಿ, ಉಳಿದ ದ್ರವ ನೀರಿನಂತೆ ತಿಳಿಯಾಗಿದ್ದರೆ ಚಿನ್ನವೂ ಕಬ್ಬಿಣವೂ ಒಂದೇ ಕಣದಲ್ಲಿವೆ ಎಂದು ನಂಬಬಹುದು. ಪಟ್ಟೆ ಕಂದುಬಣ್ಣದ್ದಾಗಿದ್ದು ದ್ರವ ಇನ್ನೂ ಗುಲಾಬಿಯಾಗಿ ಉಳಿದಿದ್ದರೆ, ಕೈಯಲ್ಲಿರುವುದು ಎರಡು ಬೇರೆ ಕಣಗಳ ಮಿಶ್ರಣವಷ್ಟೆ. ಈ ವಿಷಯದ ಪ್ರಬಂಧಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇಂಥದೊಂದು ಸೀಸೆಯ ಫೋಟೊವನ್ನು. ಹೊದಿಕೆಯ ಗುಣಮಟ್ಟದ ಬಗ್ಗೆ ಪುಟಗಟ್ಟಲೆ ವರ್ಣಪಟಲಗಳು ಹೇಳುವುದಕ್ಕಿಂತ ಹೆಚ್ಚನ್ನು ಅದು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಣ ಕೋಶಕ್ಕೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಪ್ರಬಂಧಗಳ ಮುಖಪುಟದ ಚಿತ್ರಗಳು ಅಷ್ಟಾಗಿ ತೋರಿಸುವುದಿಲ್ಲ. ಗ್ರಾಹಕಕ್ಕೆ ಅಂಟಿದ ಕಣವನ್ನು ಕೋಶ ಸಾಮಾನ್ಯವಾಗಿ ಪೊರೆಯ ಚೀಲವೊಂದರಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ಇಂಥ ಹಲವು ಚೀಲಗಳು ಕೂಡಿ ದೊಡ್ಡದಾದಾಗ ಅದರೊಳಗೆ ಕಣಗಳು ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಚಿನ್ನದ ಕಣಗಳು ತಮ್ಮ ವ್ಯಾಸದಷ್ಟು ದೂರಕ್ಕಿಂತ ಹತ್ತಿರ ಬಂದರೆ ಅವುಗಳ ಪ್ಲಾಸ್ಮಾನುಗಳು ಒಂದಕ್ಕೊಂದು ಬೆಸೆದುಕೊಂಡು ಬಣ್ಣ ಹಸಿರಿನಿಂದ ಕಿತ್ತಳೆಗೆ, ಕೆಂಪಿಗೆ ಜಾರುತ್ತದೆ. ಬರೀ ಚಿನ್ನವನ್ನು ಬಳಸುವವರಿಗೆ ಇದೊಂದು ವರ. ಗ್ರಾಹಕಗಳು ಗುಂಪುಗೂಡಿದ್ದನ್ನು ಬಣ್ಣವೇ ಹೇಳಿಬಿಡುತ್ತದೆ. ತಿರುಗುವ ನಕ್ಷತ್ರಗಳನ್ನು ನೆಚ್ಚಿಕೊಂಡವರಿಗೆ ಇದೇ ತಲೆನೋವು, ಏಕೆಂದರೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಕಣ ತಿರುಗಲಾರದು, ತಿರುಗಿದರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ತೋಳುಗಳ ಮಿನುಗು ಒಂದನ್ನೊಂದು ಅಳಿಸಿಹಾಕುತ್ತದೆ.

ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ದಪ್ಪ ಅಂಗಾಂಶಕ್ಕೆ ಹೋದಾಗ ಗೋಚರ ಬೆಳಕು ಸೋಲುತ್ತದೆ. ರಕ್ತ ಮತ್ತು ನೀರು ಎರಡೂ ಅಷ್ಟಾಗಿ ಹೀರದ 650ರಿಂದ 900 ನ್ಯಾನೊಮೀಟರಿನ ಕಿಟಕಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಕಾಂತದಿಂದ ಅಲುಗಿಸಿ ನೋಡುವ ಉಪಾಯ ಅಲ್ಲಿಗೂ ಹೋಗಿದೆ. ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಬೊಪ್ಪಾರ್ಟ್ ತಂಡ ಕಬ್ಬಿಣದ ಆಕ್ಸೈಡ್ ಕಣಗಳನ್ನು ಅಲುಗಿಸಿ, ಬೆಳಕಿನಿಂದ ಅಂಗಾಂಶದ ಒಳಪದರಗಳನ್ನು ಚಿತ್ರಿಸುವ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿಯಲ್ಲಿ ಅವುಗಳ ಜಾಡು ಹಿಡಿಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಯಾವೊಹು ಗಾವೊ ಮತ್ತು ಮ್ಯಾಥ್ಯೂ ಓಡಾನೆಲ್ ತಂಡಗಳು 2010ರಲ್ಲಿ, ಆಕ್ಸೈಡಿನ ತಿರುಳು ಮತ್ತು ತೆಳುವಾದ ಚಿನ್ನದ ಚಿಪ್ಪಿನ ನಡುವೆ ಪಾಲಿಮರಿನ ಅಂತರವಿಟ್ಟ ಕಣವನ್ನು ತಯಾರಿಸಿ, ಲೇಸರ್ ಮಿಡಿತಕ್ಕೆ ಶಬ್ದ ಹೊಮ್ಮಿಸುವ ಫೋಟೊಅಕೌಸ್ಟಿಕ್ ವಿಧಾನದಲ್ಲಿ ಕಾಂತದ ಅಲುಗಾಟವನ್ನು ಸೇರಿಸಿ ಹಿನ್ನೆಲೆಯನ್ನು ತಗ್ಗಿಸಿದವು.

ಆಸ್ಪತ್ರೆಯ ಮಾತು ಬಂದಾಗ ಮಾತ್ರ ನಾನು ಎಚ್ಚರದ ಪಕ್ಷ. ಕಬ್ಬಿಣದ ಆಕ್ಸೈಡ್ ಒಂದೇ ಆಗಿದ್ದರೆ ಯಕೃತ್ತು ಮತ್ತು ಗುಲ್ಮದ ಕೋಶಗಳು ಅದನ್ನು ಮೆಲ್ಲಗೆ ಕರಗಿಸಿ ದೇಹದ ಕಬ್ಬಿಣದ ದಾಸ್ತಾನಿಗೆ ಸೇರಿಸಿಕೊಳ್ಳುತ್ತವೆ. ಎಂಆರ್‌ಐಗಾಗಿ ಫೆರಿಡೆಕ್ಸ್ ಎಂಬ ಅಂಥ ದ್ರಾವಣಕ್ಕೆ ಅಮೆರಿಕದಲ್ಲಿ 1996ರಲ್ಲಿ ಅನುಮತಿಯೂ ಸಿಕ್ಕಿತ್ತು, ಆಮೇಲೆ ಅದು ಮಾರುಕಟ್ಟೆಯಿಂದ ಮರೆಯಾಯಿತು. ಅದಕ್ಕೆ ಚಿನ್ನದ ಹೊದಿಕೆ ಹಾಕಿದರೆ ಕರಗುವ ಬಾಗಿಲು ಮುಚ್ಚಿದಂತೆ. ಚಿನ್ನ ಯಾವುದರೊಂದಿಗೂ ಸುಲಭವಾಗಿ ಬೆರೆಯದ ಸಜ್ಜನ ಲೋಹ ನಿಜ, ಆದರೆ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಕದಲದೆ ಕೂರುವ ಗುಣವನ್ನು ಸಜ್ಜನಿಕೆಯೆನ್ನಲು ವೈದ್ಯರು ಒಪ್ಪಲಾರರು. ಈ ಕಣಗಳ ಸಹಜ ನೆಲೆ ಪ್ರಯೋಗಾಲಯದ ತಟ್ಟೆಯೇ ಎಂದು ನನಗನ್ನಿಸುವುದು ಈ ಕಾರಣಕ್ಕೆ, ಅದರಲ್ಲಿ ಕೀಳರಿಮೆಪಡುವಂಥದ್ದು ಏನೂ ಇಲ್ಲ.

ತಟ್ಟೆಯಲ್ಲಿಯೇ ಮಾಡಬೇಕಾದ ಕೆಲಸ ಸಾಕಷ್ಟಿದೆ. ಕಾಂತವನ್ನು ವೇಗವಾಗಿ ಸುತ್ತಿಸುತ್ತಾ ಹೋದರೆ ಒಂದು ಹಂತದಲ್ಲಿ ಸುತ್ತಲಿನ ದ್ರವದ ತಡೆ ಮೇಲುಗೈ ಪಡೆದು ಕಣ ಹಿಂದೆ ಬೀಳುತ್ತದೆ. ಆ ಗಡಿಯ ಆವೃತ್ತಿ ದ್ರವದ ಸ್ನಿಗ್ಧತೆಗೆ ವಿಲೋಮವಾಗಿರುವುದರಿಂದ, ಮಿನುಗು ಎಲ್ಲಿ ಕುಸಿಯಿತೆಂದು ನೋಡಿ ಕೋಶದ ಆ ಮೂಲೆ ಎಷ್ಟು ಮಂದವಾಗಿದೆಯೆಂದು ಹೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ತಂಡ ಇದೇ ಬಗೆಯ ಸುತ್ತುವ ಕಾಂತಕ್ಷೇತ್ರದಿಂದ ತಿರುಪಿನಾಕಾರದ ಸೂಕ್ಷ್ಮ ಮೋಟಾರುಗಳನ್ನು ಜೀವಂತ ಕೋಶಗಳೊಳಗೆ ನಡೆಸಿ 2018ರಲ್ಲಿ ಪ್ರಕಟಿಸಿದೆ. ಅವು ಚಿನ್ನದವಲ್ಲದಿದ್ದರೂ ಕೋಶರಸದೊಳಗೆ ತಿರುಗಿಸುವ ಭೌತಶಾಸ್ತ್ರ ಎರಡಕ್ಕೂ ಒಂದೇ. ನಕ್ಷತ್ರಗಳಿಂದ ಸ್ನಿಗ್ಧತೆ ಅಳೆಯುವವರಿಗೆ ಇರುವ ಅಡಚಣೆ ಗಾತ್ರದ್ದು: ದ್ರವದ ತಡೆ ಕಣದ ಅಗಲದ ಮೂರನೇ ಘಾತವನ್ನು ಅನುಸರಿಸುವುದರಿಂದ ಅಗಲದ ಅಂದಾಜಿನಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಸ್ನಿಗ್ಧತೆಯಲ್ಲಿ ನೂರಕ್ಕೆ ಮೂವತ್ತು ತಪ್ಪುತ್ತದೆ, ಅಡ್ಡಾದಿಡ್ಡಿ ತೋಳುಗಳ ಕಣಕ್ಕೆ ಅಗಲವೆಂದು ಯಾವುದನ್ನು ಹಿಡಿಯಬೇಕೆಂಬುದೇ ಸ್ಪಷ್ಟವಿಲ್ಲ. ಆದ್ದರಿಂದ ಕೋಶಕ್ಕೆ ಹಾಕುವ ಮೊದಲು ಅದೇ ಸೀಸೆಯ ಕಣಗಳನ್ನು ಗ್ಲಿಸರಾಲ್ ಮತ್ತು ನೀರಿನ ಗೊತ್ತಾದ ಮಿಶ್ರಣಗಳಲ್ಲಿ ತಿರುಗಿಸಿ, ಒಂದೊಂದು ಮಿಶ್ರಣಕ್ಕೂ ಗಡಿಯ ಆವೃತ್ತಿಯನ್ನು ಗುರುತು ಹಾಕಿಕೊಂಡು, ಆ ಪಟ್ಟಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸದ್ಯಕ್ಕೆ ಇರುವ ನೆಚ್ಚಿನ ದಾರಿ.